ನಾಲ್ಕು ಬೆರಳೆತ್ತರದ ಮೂಗು

ಗೂಡಿನ ಮುಂದೆ ಮಂಡಿಯೂರಿ ಕೂತುಕೊಳ್ಳಿ. ತಲೆ ತಗ್ಗಿಸಿ, ಮೂಗನ್ನು ಹಾಸಿನಿಂದ ನಾಲ್ಕು ಬೆರಳಷ್ಟು ಮೇಲೆ ಹಿಡಿದು ನಿಧಾನವಾಗಿ ಉಸಿರೆಳೆದುಕೊಳ್ಳಿ. ಗಿನಿ ಪಿಗ್ ಸಾಕಲು ಹೊರಟವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು. ನಿಂತುಕೊಂಡು ಮೂಸಿದರೆ ಏನೂ ತಿಳಿಯದು. ನಿಮ್ಮ ಮೂಗು ಐದಡಿ ಮೇಲಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಆ ಪ್ರಾಣಿಯ ಮೂಗು ಮಾತ್ರ ಹಗಲೂ ರಾತ್ರಿ ಹಾಸಿನ ಪಕ್ಕದಲ್ಲೇ ಇರುತ್ತದೆ.

ನನಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಶಹಾಪುರದಲ್ಲಿ ನನ್ನ ಬಳಿ ವಿಜ್ಞಾನ ಕಲಿಯುವ ಹುಡುಗಿಯೊಬ್ಬಳು ಒಂದು ಸೋಮವಾರ ಬಂದು, "ಸರ್, ದಿನಾ ಗೂಡು ತೊಳೀತೀನ್ರಿ, ಆದ್ರೂ ಅವೆರಡೂ ಸೀನಲಕತ್ತಾವ್ರಿ" ಅಂದಳು. ಸಂಜೆ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಫಿನಾಯಿಲ್ ಘಮ, ಸರಳುಗಳು ಫಳಫಳ, ಮೇಲೆ ಹೊಸ ಹುಲ್ಲು. ಎಲ್ಲ ಸರಿಯಿದೆ ಅನ್ನಿಸಿತು. ಹುಲ್ಲಿನ ಒಂದು ಮೂಲೆ ಎತ್ತಿ ಬಗ್ಗಿ ನೋಡಿದೆ, ಕಣ್ಣಿಗೆ ಖಾರ ಬಡಿದಂತಾಯಿತು. ಕೆಳಗೆ ಅಂಗೈಯಗಲದ ಕಪ್ಪು ಹಸಿ ಮುದ್ದೆ. ಪಾಪ, ಆಕೆ ಹದಿನೈದು ದಿನದಿಂದ ಹಳೆಯದರ ಮೇಲೆ ಹೊಸದನ್ನು ಹರಡುತ್ತಾ ಹೋಗಿದ್ದಳು. ತೊಳೆದದ್ದೆಲ್ಲ ನಮ್ಮ ಕಣ್ಣಿಗೆ ಕಾಣುವ ಭಾಗ.

ಹೆಸರಲ್ಲಿ ಹಂದಿ ಇದ್ದರೂ ಇದು ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿಕೊಂಡ, ಅಲ್ಲಿ ಇವತ್ತಿಗೂ 'ಕುಯ್' ಎಂದು ಕರೆಯುವ ದಂಶಕ. ಬೆಳೆದದ್ದು ಮುಕ್ಕಾಲಿನಿಂದ ಒಂದು ಕಿಲೋ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಐದರಿಂದ ಏಳು ವರ್ಷ ಬದುಕುತ್ತದೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಒಮ್ಮೆ ಹಿಡಿದು ಅಂಗಾಲು ನೋಡಿ, ರೋಮವಿಲ್ಲ, ನಿಮ್ಮ ತುಟಿಯಷ್ಟು ಮೆತ್ತಗಿದೆ. ತಂಪು ಬೆಟ್ಟದ ಪ್ರಾಣಿ, ಬರಿಗಾಲು, ನೆಲಕ್ಕಂಟಿದ ಮೂಗು. ಮುಂದೆ ನಾನು ಹೇಳುವ ಅಷ್ಟೂ ಮಾತು ಈ ಮೂರರಿಂದಲೇ ಹುಟ್ಟುತ್ತದೆ.

ಮೂತ್ರ ಬಿದ್ದ ಕೂಡಲೇ ಅಷ್ಟು ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಹಾಸಿನಲ್ಲಿರುವ ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹೊರಡುತ್ತದೆ. ಹಸಿ ನೆಲದ ಮೇಲೆ ಯೂರಿಯಾ ಗೊಬ್ಬರ ಚೆಲ್ಲಿ, ಮಣ್ಣಲ್ಲಿ ಬೆರೆಸದೆ ಬಿಟ್ಟರೆ ಸತ್ವ ಗಾಳಿಗೆ ಹೋಗುತ್ತದೆ ಅಂತ ಸುರಪುರದ ಭತ್ತದ ರೈತರಿಗೆ ಗೊತ್ತು. ಹಾಗೆ ಗಾಳಿಗೆ ಹೋಗುವುದೂ ಇದೇ ಅನಿಲ. ಹಸಿ, ಸೆಕೆ, ಸಮಯ ಮೂರೂ ಕೂಡಿದರೆ ಅಮೋನಿಯಾ ತಯಾರು. ಅದು ಗಿನಿ ಪಿಗ್‌ಗಳ ಮೂಗು, ಶ್ವಾಸನಾಳಗಳ ಒಳಪದರವನ್ನು ಕೆರಳಿಸುತ್ತದೆ. ಕೆರಳಿದ ಜಾಗಕ್ಕೆ ಸೋಂಕು ಸುಲಭವಾಗಿ ಇಳಿಯುತ್ತದೆ, ಸೀನು ನ್ಯುಮೋನಿಯಾ ಆಗಲು ತಡವಿಲ್ಲ. ಇನ್ನೊಂದು ತೊಂದರೆ ಏನೆಂದರೆ, ಮನೆಯವರ ಮೂಗು ಈ ವಾಸನೆಗೆ ಒಗ್ಗಿಹೋಗುತ್ತದೆ. ಆದ್ದರಿಂದ ಹೊರಗಿಂದ ಬಂದ ಕೂಡಲೇ ಮೂಸಿ ನೋಡಬೇಕು, ಇಲ್ಲವೇ ಪಕ್ಕದ ಮನೆಯವರನ್ನು ಕರೆಯಬೇಕು. ನಾನು ಮಾಡುವುದು ಎರಡನೆಯದು. ನಮ್ಮ ನೆರೆಯವರು ಮುಲಾಜಿಲ್ಲದೆ ಹೇಳುವ ಜನ.

ಹಾಗಾದರೆ ಹಾಸು ಯಾಕೆ? ಮೆತ್ತಗೆ ಮಲಗಲಿ ಅಂತಲ್ಲ. ಮೂತ್ರವನ್ನು ಕಾಲ ಕೆಳಗಿಂದ ದೂರ ಒಯ್ದು, ಮೇಲ್ಭಾಗವನ್ನು ಒಣಗಿಸಿಡುವುದೇ ಅದರ ಕೆಲಸ. ನಮ್ಮ ಕಡೆಯ ಕುರಿಗಾರರು ಕೆಂಗುರಿ ಹಿಂಡನ್ನು ಹೊಲದಲ್ಲಿ ತರುಬುವುದನ್ನು ನೀವು ನೋಡಿರುತ್ತೀರಿ. ಒಂದೆರಡು ರಾತ್ರಿ ಕಳೆದರೆ ಹಟ್ಟಿ ಪಕ್ಕಕ್ಕೆ ಸರಿಯುತ್ತದೆ. ಹೊಲಕ್ಕೆ ಹಿಕ್ಕಿ ಗೊಬ್ಬರ, ಕುರಿಗೆ ಒಣ ನೆಲ. ಅವರು ಕಸ ಬಳಿಯುವುದಿಲ್ಲ, ಕುರಿಯನ್ನೇ ಸರಿಸುತ್ತಾರೆ. ಗೂಡಿನ ಪ್ರಾಣಿಗೆ ಸರಿಯಲು ಜಾಗವಿಲ್ಲ, ಅದಕ್ಕೇ ನಾವು ನೆಲವನ್ನು ಸರಿಸಬೇಕಾಗುತ್ತದೆ.

ಮೊದಲು ಗೂಡಿನ ತಳ. ಅಂಗಡಿಯವರು ಗಿಳಿಗೂ ಮೊಲಕ್ಕೂ ಇದಕ್ಕೂ ಒಂದೇ ತಂತಿ ಬೋನು ಕೊಟ್ಟು ಕಳಿಸುತ್ತಾರೆ. ತಳದಲ್ಲೂ ತಂತಿ ಇದ್ದರೆ ಕಸ ಕೆಳಗೆ ಬೀಳುತ್ತದೆ, ನಮಗೆ ಸುಲಭ. ಪ್ರಾಣಿಗೆ ಮಾತ್ರ ಅಂಗಾಲು ಒಡೆದು, ಬಾತು, ಕೀವಾಗುತ್ತದೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ತಳ ಗಟ್ಟಿಯಾಗಿ, ಸಪಾಟಾಗಿ ಇರಲಿ. ಎರಡಕ್ಕೆ 30 ಇಂಚು ಅಗಲ, 50 ಇಂಚು ಉದ್ದ ಇದ್ದರೆ ಒಳ್ಳೆಯದು. ನಮ್ಮ ಹೊರಸಿನ ಅರ್ಧಕ್ಕಿಂತ ತುಸು ಹೆಚ್ಚು ಅಂದುಕೊಳ್ಳಿ. ಅಷ್ಟು ದೊಡ್ಡದನ್ನು ಯಾರು ಬಳಿಯುವುದು ಅಂತ ಗಾಬರಿಯಾಗಬೇಡಿ. ಜಾಗ ದೊಡ್ಡದಾದಷ್ಟೂ ಕೆಲಸ ಕಡಿಮೆ, ಯಾಕೆಂದರೆ ಅವು ಒಂದೆರಡು ಮೂಲೆಗಳನ್ನೇ ಹೆಚ್ಚಾಗಿ ಹಸಿ ಮಾಡುತ್ತವೆ, ಉಳಿದದ್ದು ಒಣಗಿರುತ್ತದೆ. ಚಿಕ್ಕ ಬೋನಿನಲ್ಲಿ ಎಲ್ಲವೂ ಮೂಲೆಯೇ. (ಅಂದಹಾಗೆ, "ಎರಡೂ ಹೆಣ್ಣು" ಎಂಬ ಅಂಗಡಿಯವರ ಮಾತನ್ನು ನಂಬಿ ಕೂಡಬೇಡಿ. ಇವುಗಳ ಗರ್ಭ ಎರಡು ತಿಂಗಳ ಆಸುಪಾಸು. ಕಣ್ಣು ಬಿಟ್ಟು, ರೋಮ ತುಂಬಿಕೊಂಡು, ಹುಟ್ಟಿದ ದಿನವೇ ಓಡಾಡುವ ಮರಿಗಳು ಬಂದರೆ ಬಳಿಯುವ ಲೆಕ್ಕವೆಲ್ಲ ತಪ್ಪುತ್ತದೆ.)

ತಳಕ್ಕೆ ನಾನು ಬಳಸುವುದು ಸನ್‌ಪ್ಯಾಕ್ ಶೀಟು. ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ ಸಿಗುತ್ತದೆ. ಚುನಾವಣೆ ಮುಗಿದ ಮೇಲೆ ಕಂಬಗಳಲ್ಲಿ ನೇತಾಡುವ, ಒಳಗೆ ಕೊಳವೆ ಕೊಳವೆಯಾಗಿರುವ ಪ್ಲಾಸ್ಟಿಕ್ ಹಲಗೆ ಅದೇ. ಅಂಚನ್ನು ಅರ್ಧ ಕೊಯ್ದು ಆರು ಇಂಚು ಮೇಲಕ್ಕೆ ಮಡಚಿ, ಮೂಲೆಗಳಿಗೆ ಹೊರಗಿನಿಂದ ಟೇಪ್ ಹಾಕಿದರೆ ತಾಟು ಸಿದ್ಧ. ಮೂತ್ರ ಇಳಿಯುವುದಿಲ್ಲ, ಎತ್ತಿ ಬಚ್ಚಲಿಗೆ ಒಯ್ಯಬಹುದು. ಹಳೆಯ ಫ್ಲೆಕ್ಸ್ ಬ್ಯಾನರನ್ನು ಹಾಸುವವರೂ ಇದ್ದಾರೆ. ಅದರ ಅಂಚು ಹಲ್ಲಿಗೆ ಸಿಕ್ಕರೆ ಕಡಿದು ನುಂಗುತ್ತವೆ, ಹಾಗಾಗಿ ಅದು ನನಗೆ ಹಿಡಿಸಲಿಲ್ಲ.

ಇನ್ನು ಮೇಲೆ ಹಾಕುವುದು. ಇಲ್ಲಿ ನಮ್ಮ ಸೀಮೆಯ ಪ್ರಶ್ನೆ ಶುರುವಾಗುತ್ತದೆ. ಪುಸ್ತಕಗಳು ಹೇಳುವ ಆಸ್ಪೆನ್ ಮರದ ಸುರುಳಿ, ಟಿಮೊಥಿ ಹುಲ್ಲು ಯಾದಗಿರಿ ಗಂಜಿನಲ್ಲಿ ಎಲ್ಲಿಂದ ಬರಬೇಕು? ಎಲ್ಲರೂ ಮೊದಲು ಹೇಳುವುದು ಭತ್ತದ ಹೊಟ್ಟು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ಕಡೆ ಭತ್ತಕ್ಕೆ ಬರವಿಲ್ಲ, ಹೊಟ್ಟಿಗೂ ಇಲ್ಲ. "ಕೋಳಿ ಫಾರಂನಾಗ ಅದನ್ನೇ ಹಾಸ್ತಾರಲ್ರಿ" ಅನ್ನುತ್ತಾರೆ. ಹಾಸುತ್ತಾರೆ, ನಿಜ. ಒಂದು ಚಿಟಿಕೆ ಹೊಟ್ಟು ತೆಗೆದುಕೊಂಡು ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿ ನೋಡಿ. ಚುರುಚುರು ಅನ್ನುತ್ತದೆ. ಒಂದೊಂದು ಸಿಪ್ಪೆಯೂ ಪುಟ್ಟ ದೋಣಿ, ಎರಡೂ ತುದಿ ಚೂಪು, ಮೈಮೇಲೆ ಸಣ್ಣ ಮುಳ್ಳುರೋಮ, ಒಳಗೆ ಮರಳಿನ ಜಾತಿಯ ಸಿಲಿಕಾ. ಕೋಳಿಯ ಕಾಲು ಹುರುಪೆಯದು, ಗಿನಿ ಪಿಗ್‌ನದು ಬರಿ ಚರ್ಮ. ಕೋಳಿ ಕಣ್ಣು ಎತ್ತರದಲ್ಲಿದೆ, ಇದು ಹಾಸಿನೊಳಗೇ ಮುಖ ತೂರಿಸಿಕೊಂಡು ಮಲಗುವ ಪ್ರಾಣಿ. ಹೊಟ್ಟು ನೀರನ್ನು ಹೀರುವುದೂ ಅಷ್ಟಕ್ಕಷ್ಟೆ, ಮೂತ್ರ ಅದರ ಸಂದಿಯಲ್ಲಿ ಇಳಿದು ತಳದಲ್ಲಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇದೆ. ಫಾರಂ ಕೋಳಿ ಆ ಹೊಟ್ಟಿನ ಮೇಲೆ ಬದುಕುವುದು ಸುಮಾರು ಆರು ವಾರ. ನಿಮ್ಮ ಪ್ರಾಣಿ ಆರು ವರ್ಷ ಬದುಕಬೇಕು.

ಕಟ್ಟಿಗೆ ಅಡ್ಡೆಯ ಹೊಟ್ಟು ಪುಕ್ಕಟೆ ಸಿಗುತ್ತದೆ, ನಾನೂ ಮೊದಲ ವರ್ಷ ಒಂದು ಚೀಲ ಹೊತ್ತು ತಂದಿದ್ದೆ. ಮೂರೇ ದಿನಕ್ಕೆ ಕಣ್ಣಲ್ಲಿ ಪಿಚ್ಚು, ಮೂಗಲ್ಲಿ ಗೊರಗೊರ. ಗರಗಸದ ಪುಡಿ ಗಾಳಿಗೆ ಏಳುವಷ್ಟು ಸಣ್ಣದು. ಯಾವ ಕಟ್ಟಿಗೆಯದು ಅಂತಲೂ ಗೊತ್ತಾಗುವುದಿಲ್ಲ. ಬೇಕಾದದ್ದು ಪುಡಿಯಲ್ಲ, ಬಡಿಗ್ಯಾರರು ರಂದಾ ಹೊಡೆದಾಗ ಬರುವ ಸುರುಳಿ. ಅದನ್ನು ಮೊರದಲ್ಲಿ ಹಾಕಿ ಎರಡು ಸಲ ಕೇರಿದರೆ ಪುಡಿ ಬೇರೆಯಾಗುತ್ತದೆ. ಕೇಳಬೇಕಾದ ಪ್ರಶ್ನೆ ಎರಡು. ಪ್ಲೈವುಡ್, ಅಂಟು ಹಾಕಿದ ಹಲಗೆ, ಪಾಲಿಶ್ ಆದ ಹಳೆ ಬಾಗಿಲು ಇದರಲ್ಲಿ ಸೇರಿದೆಯೇ? ಸೇರಿದ್ದರೆ ಬೇಡ. ಎರಡನೆಯದು, ಘಮ ಇದೆಯೇ? ದೇವದಾರು, ಒಣಗಿಸದ ಪೈನ್ ಮರದ ಪರಿಮಳ ನಮಗೆ ಹಿತ. ಆದರೆ ಆ ಪರಿಮಳದ ಎಣ್ಣೆಯಂಶಗಳು ಸಣ್ಣ ಪ್ರಾಣಿಯ ಶ್ವಾಸಕ್ಕೂ ಯಕೃತ್ತಿಗೂ ಆಗಿಬರುವುದಿಲ್ಲ. ಕೈಯಳತೆ ದೂರದಿಂದಲೇ ಘಮಘಮ ಅನ್ನುವ ಕಟ್ಟಿಗೆಯನ್ನು ಗೂಡಿಗೆ ತರಬೇಡಿ.

ನಮ್ಮದು ಹತ್ತಿಯ ಸೀಮೆಯಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಜಿನ್ನಿಂಗ್ ಮಿಲ್ಲಿನ ಹತ್ತಿ, ಹಳೆ ಗಾದಿಯ ಹತ್ತಿ ಎರಡೂ ಬೇಡ. ಎಳೆಗಳು ಕಾಲಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತವೆ, ನುಂಗಿದರೆ ಕರುಳಲ್ಲಿ ಗಂಟಾಗುತ್ತವೆ. ಶೇಂಗಾ ಸಿಪ್ಪೆಯೂ ಬೇಡ. ಹಸಿಯಾದ ಶೇಂಗಾಕ್ಕೆ ಹಿಡಿಯುವ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಈ ಪ್ರಾಣಿಗೆ ಬೇಗ ಹತ್ತುತ್ತದೆ. ತೊಗರಿ ಹೊಟ್ಟು ದನಕ್ಕಿರಲಿ.

ಭತ್ತದ ಹುಲ್ಲು ಪರವಾಗಿಲ್ಲ, ಆದರೆ ಅದೊಂದೇ ಸಾಲದು. ಕಡ್ಡಿಯ ಮೇಲೆ ಮೇಣದಂಥ ಹೊದಿಕೆ ಇರುವುದರಿಂದ ನೀರು ಹೀರುವುದಿಲ್ಲ. ಗೇಣುದ್ದ ಕತ್ತರಿಸಿ, ಬಿಸಿಲಿಗೆ ಒಣಗಿಸಿ, ಬೂಷ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಎಲ್ಲಕ್ಕೂ ಮೇಲಿನ ಪದರವಾಗಿ ಹಾಕಬೇಕು. ಅವಕ್ಕೆ ಅದರೊಳಗೆ ಸುರಂಗ ಮಾಡುವ ಖುಷಿ. ತಿನ್ನುವ ಹುಲ್ಲು ಬೇರೆಯೇ ಇರಲಿ. ನೆರಳಲ್ಲಿ ಒಣಗಿಸಿದ ಕರಿಕೆ ಹುಲ್ಲು ನಮ್ಮಲ್ಲಿ ಧಾರಾಳ, ಔಷಧಿ ಹೊಡೆದ ಬದುವಿನದು ಆಗಿರದಿದ್ದರೆ ಸಾಕು.

ಅಡಿಗೆ ಹಾಕಲು ಸುದ್ದಿಪತ್ರಿಕೆಗಿಂತ ಅಗ್ಗದ್ದು ಇಲ್ಲ. ಆರೆಂಟು ಹಾಳೆ ದಪ್ಪಗೆ ಹರಡಿ, ಮೇಲೆ ಎರಡು ಇಂಚು ಕಟ್ಟಿಗೆ ಸುರುಳಿ, ಅದರ ಮೇಲೆ ಹುಲ್ಲು. ಹೊಳಪಿನ ಪುರವಣಿ ಬೇಡ, ಹೀರುವುದಿಲ್ಲ. ಸುರುಳಿ ಸಿಗದ ದಿನ ಪೇಪರನ್ನೇ ಬೆರಳಗಲದ ಪಟ್ಟಿ ಹರಿದು ಹಾಕಬಹುದು. ಮಕ್ಕಳಿಗೆ ಕೊಡಿ, ಒಂದು ಬುಟ್ಟಿ ತುಂಬುವಷ್ಟು ಹರಿಯಲು ಅವರಿಗೆ ಹತ್ತು ನಿಮಿಷ ಸಾಕು. ಹರಿಯಬಾರದ್ದನ್ನೂ ಹರಿಯುತ್ತಾರೆ, ಅದು ಬೇರೆ ಮಾತು.

ನನಗೆ ಬಹಳ ಹಿಡಿಸಿದ್ದು ಮಾತ್ರ ಕೌದಿಯ ದಾರಿ. ಹಳೆ ಸೀರೆಗಳನ್ನು ಪದರ ಪದರ ಇಟ್ಟು ನಮ್ಮ ಅವ್ವಂದಿರು ಹೊಲಿದ ಕೌದಿ ಸವೆದ ಮೇಲೆ ಮನೆಯಲ್ಲಿ ಬಿದ್ದಿರುತ್ತದೆ. ಅದನ್ನು ನೇರ ಹಾಸಿದರೆ? ಒಂದು ಲೋಟ ನೀರು ಸುರಿದು ಐದು ನಿಮಿಷ ಬಿಟ್ಟು ಮುಂಗೈ ಇಟ್ಟು ನೋಡಿ. ನೀರೆಲ್ಲ ಹೀರಿಕೊಂಡಿದೆ, ಕೈ ಮಾತ್ರ ಒದ್ದೆ. ಅರಿವೆ ಹೀರಿದ್ದನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ, ಆ ಒದ್ದೆಯ ಮೇಲೆಯೇ ಪ್ರಾಣಿ ಕೂಡಬೇಕು. ಈಗ ಆ ಕೌದಿ ತುಂಡಿನ ಮೇಲೆ ಫ್ಲೀಸ್ ಬಟ್ಟೆ ಹಾಸಿ. ಚಳಿಗಾಲದಲ್ಲಿ ರಸ್ತೆ ಬದಿ ಮಾರುವ ಹಗುರ ಕಂಬಳಿಯ ಬಟ್ಟೆ ಅದು, ಪಾಲಿಯೆಸ್ಟರಿನದು. ಅದರ ನೂಲು ನೀರು ಕುಡಿಯುವುದಿಲ್ಲ, ಎಳೆಗಳ ನಡುವೆ ಕೆಳಗೆ ಬಿಟ್ಟುಕೊಡುತ್ತದೆ. ಮತ್ತೆ ನೀರು ಸುರಿಯಿರಿ, ಮತ್ತೆ ಮುಂಗೈ ಇಡಿ. ಮೇಲೆ ಒಣ, ಕೆಳಗೆ ಕೌದಿ ಒದ್ದೆ. ನಮಗೆ ಬೇಕಾದದ್ದು ಇದೇ ಜೋಡಿ. ಹೊಸ ಫ್ಲೀಸಿನ ಮೇಲೆ ನೀರು ಕೆಸುವಿನೆಲೆಯ ಮೇಲೆ ನಿಂತಂತೆ ಗುಂಡಗೆ ನಿಲ್ಲುತ್ತದೆ. ಮೂರು ನಾಲ್ಕು ಸಲ ಬಿಸಿನೀರಲ್ಲಿ ಒಗೆದ ಮೇಲೆಯೇ ದಾರಿ ಬಿಡುವುದು. ಬಟ್ಟೆ ಮೆದುವಾಗಿಸುವ ಕಂಫರ್ಟಿನಂಥ ದ್ರವ ಹಾಕಿದಿರೋ ಮತ್ತೆ ದಾರಿ ಕಟ್ಟುತ್ತದೆ. ಕೌದಿಯ ದಾರ ಕಿತ್ತು ಕುಣಿಕೆಯಾಗಿದ್ದರೆ ಕತ್ತರಿಸಿಬಿಡಿ, ಬೆರಳು ಸಿಕ್ಕಿಕೊಂಡೀತು. ಮೂರು ಜೊತೆ ಇದ್ದರೆ ಒಂದು ಗೂಡಲ್ಲಿ, ಒಂದು ಬಚ್ಚಲಲ್ಲಿ, ಒಂದು ಮಾಳಿಗೆಯ ಬಿಸಿಲಲ್ಲಿ. ನಮ್ಮ ಬಿಸಿಲಿಗೆ ಎಷ್ಟೇ ಬೈದರೂ ಈ ಕೆಲಸಕ್ಕೆ ಅದರಂಥ ಆಳು ಸಿಗಲಿಕ್ಕಿಲ್ಲ.

ದಿನದ ಕೆಲಸ ಹೆಚ್ಚಿಲ್ಲ. ಬೆಳಿಗ್ಗೆ ಹಸಿ ಮೂಲೆಗಳನ್ನು ತಳದವರೆಗೂ ತೆಗೆದು ಅಷ್ಟೇ ಹೊಸದನ್ನು ತುಂಬುವುದು, ಹಿಕ್ಕಿ ಬಳಿಯುವುದು, ನಿನ್ನೆಯ ಸೊಪ್ಪು ಉಳಿದಿದ್ದರೆ ಎಸೆಯುವುದು. ಒಂದೊಂದೂ ದಿನಕ್ಕೆ ನೂರಕ್ಕೂ ಹೆಚ್ಚು ಹಿಕ್ಕಿ ಹಾಕುತ್ತದೆ. ಒಣಗಿದ್ದರಿಂದ ಸಣ್ಣ ಬಾರಿಗೆ, ಮೊರ ಸಾಕು. ಫ್ಲೀಸ್ ಹಾಸಿದವರು ಸಂಜೆಯೂ ಬಳಿಯಬೇಕು, ಯಾಕೆಂದರೆ ಹಿಕ್ಕಿ ಎಲ್ಲಿಯೂ ಇಳಿದುಹೋಗದು. ಬಳಿಯುವಾಗ ನೋಡುತ್ತಿರಿ. ಹಿಕ್ಕಿ ಒಮ್ಮೆಲೇ ಸಣ್ಣದಾಯಿತೋ, ಕಡಿಮೆಯಾಯಿತೋ, ಪ್ರಾಣಿ ತಿನ್ನುತ್ತಿಲ್ಲ ಎಂದೇ ಅರ್ಥ. ಒಂದು ದಿನ ಉಪವಾಸವಿದ್ದರೂ ಇವುಗಳ ಕರುಳು ಕೆಡುತ್ತದೆ, ನಾಳೆ ನೋಡೋಣ ಅನ್ನದೆ ದನದ ದವಾಖಾನೆಗೆ ಒಯ್ಯಿರಿ. ಅಲ್ಲಿನ ವೈದ್ಯರ ಕೈಗೆ ದಿನಾ ಬರುವುದು ಎತ್ತು, ಎಮ್ಮೆ, ಆಡು. ಹಾಗಾಗಿ ಇದು ಗಿನಿ ಪಿಗ್, ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧ ಬಾಯಲ್ಲಿ ಕೊಟ್ಟರೆ ಪ್ರಾಣಕ್ಕೇ ಕುತ್ತು ಎಂಬುದನ್ನು ವಿನಯದಿಂದಲೇ ನೆನಪಿಸಿ.

ಹಿಕ್ಕಿಯ ಬಗ್ಗೆ ಮಕ್ಕಳು ಮುಖ ಸಿಂಡರಿಸಿ ಹೇಳುವುದೊಂದಿದೆ: "ತನ್ನದು ತಾನೇ ತಿಂತದ್ರಿ!" ಹೌದು, ತಿನ್ನುತ್ತದೆ. ಹುಲ್ಲು ಒಂದೇ ಸಲಕ್ಕೆ ಪೂರ್ತಿ ಜೀರ್ಣವಾಗದು. ದನ ಮೆಲುಕು ಹಾಕುತ್ತದೆ, ಇದು ಮೆತ್ತಗಿನ ಒಂದು ಬಗೆಯ ಹಿಕ್ಕಿಯನ್ನು ನೇರ ಬಾಯಿಗೆ ತೆಗೆದುಕೊಳ್ಳುತ್ತದೆ. ಹಾಸಿನಲ್ಲಿ ಬಿದ್ದಿರುವುದು ಆ ಬಗೆಯದಲ್ಲ. ಬಳಿದರೆ ಅದರ ಊಟ ಕಸಿದಂತೆ ಆಗುವುದಿಲ್ಲ.

ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಬೇಕು. ಪ್ರಾಣಿಗಳನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹುಲ್ಲು ಹಾಕಿ ಕೂರಿಸಿ, ತಾಟನ್ನು ಬಚ್ಚಲಿಗೆ ಒಯ್ಯಿರಿ. ಮೂಲೆಗಳಲ್ಲಿ ಸುಣ್ಣ ಬಳಿದಂತೆ ಬಿಳಿ ಹರಳು ಕಟ್ಟಿರುತ್ತದೆ, ಎಷ್ಟು ಉಜ್ಜಿದರೂ ಬಾರದು. ಅದು ಸುಣ್ಣದ ಸಂಬಂಧಿಯೇ, ಕ್ಯಾಲ್ಸಿಯಂ ಕಾರ್ಬೊನೇಟ್. ಈ ಪ್ರಾಣಿ ತಿಂದ ಹೆಚ್ಚಿನ ಕ್ಯಾಲ್ಸಿಯಂ ಮೂತ್ರದಲ್ಲಿ ಹೊರಬರುತ್ತದೆ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹಾಕಿ, ಕಾಲು ಗಂಟೆ ಬಿಡಿ. ಕಿವಿಗೊಟ್ಟರೆ ಸಣ್ಣಗೆ ಸುರ್ ಅನ್ನುವುದು ಕೇಳಿಸುತ್ತದೆ, ಗುಳ್ಳೆ ಏಳುತ್ತವೆ. ಆಮೇಲೆ ಬೆರಳಿನಿಂದ ಒರೆಸಿದರೂ ಹೋಗುತ್ತದೆ. ಒಂದು ಎಚ್ಚರ: ಈ ಕೆಲಸವನ್ನು ಪಡಸಾಲೆಯಲ್ಲಿ ಮಾಡಬೇಡಿ. ನಮ್ಮ ಮನೆಗಳ ನೆಲ ಶಹಾಬಾದಿ ಪರಸಿ, ಅದೂ ಸುಣ್ಣದ ಕಲ್ಲೇ. ನಾನು ಒಮ್ಮೆ ಅಲ್ಲಿಯೇ ತಾಟು ಓರೆ ಮಾಡಿದ್ದೆ. ವಿನೆಗರ್ ಹರಿದಲ್ಲೆಲ್ಲ ಹೊಳಪು ಹೋಗಿ ಮಸುಕಾದ ಒಂದು ನಕ್ಷೆ ಉಳಿಯಿತು. ಮನೆಯವರು ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಕ್ಲಾಸಿನಲ್ಲಿ ಆಮ್ಲದ ಪಾಠ ಬಂದಾಗ ನನಗೂ ಉಪಯೋಗಕ್ಕೆ ಬರುತ್ತದೆ.

ಫಿನಾಯಿಲ್ ಗೂಡಿನ ಹತ್ತಿರ ಬೇಡ. ಅದರ ಘಾಟು ಬರಿಗಾಲಿಗೂ ಮೂಗಿಗೂ ಒಗ್ಗದು. ಅದಕ್ಕಿಂತ ಹೆಚ್ಚಾಗಿ, ಅದು ನಿಮ್ಮ ಮೂಗನ್ನೇ ಮೋಸ ಮಾಡುತ್ತದೆ, ಆ ಹುಡುಗಿಯ ಮನೆಯಲ್ಲಿ ನನಗಾದಂತೆ. ಬ್ಲೀಚಿಂಗ್ ಪುಡಿ ಬಳಸುವ ಚಟವಿದ್ದರೆ ಅದಕ್ಕೆ ವಿನೆಗರ್ ಎಂದೂ ತಾಗಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮೂತ್ರದ ಮೇಲೆ ಬ್ಲೀಚಿಂಗ್ ಸುರಿದರೂ ಏಳುವ ಅನಿಲ ಒಳ್ಳೆಯದಲ್ಲ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಅರ್ಧ ಗಂಟೆ ಬಿಸಿಲು, ಇಷ್ಟೇ ಸಾಕು.

ಬೇಸಿಗೆಯ ಮಾತು ಬೇರೆ. 18ರಿಂದ 24 ಡಿಗ್ರಿ ಇವಕ್ಕೆ ಹಿತ, ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 42 ದಾಟುವುದು ಹೊಸದೇನಲ್ಲ. ಮನೆಯ ಅತಿ ತಂಪು ಕೋಣೆಯಲ್ಲಿ, ನೆಲಕ್ಕೆ ತಾಗಿ, ಗೂಡು ಇರಲಿ. ಒಳಗೊಂದು ಪರಸಿ ತುಂಡು ಇಟ್ಟರೆ ಮಧ್ಯಾಹ್ನವೆಲ್ಲ ಅದರ ಮೇಲೆ ಚಪ್ಪಟೆಯಾಗಿ ಬಿದ್ದಿರುತ್ತವೆ. ಕೂಲರ್ ಹಾಕಿದರೆ ಗಾಳಿ ತಂಪಾಗುತ್ತದೆ, ಜೊತೆಗೆ ತೇವವೂ ಬರುತ್ತದೆ, ನಿನ್ನೆ ಒಣಗಿದ್ದ ಹಾಸು ಇವತ್ತು ತಣ್ಣಗೆ ಹಸಿಯಾಗಿರುತ್ತದೆ. ಮಂಜುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಇಟ್ಟಾಗಲೂ ಸುತ್ತ ಬೆವರು ಇಳಿಯುತ್ತದೆ. ಹೀಗಾಗಿ ಸೆಕೆಗಾಲದಲ್ಲಿ ದಿನಕ್ಕೆರಡು ಸಲ ಕೈಯಿಟ್ಟು ನೋಡಬೇಕು. ಮಳೆಗಾಲದಲ್ಲಿ ಹೆದರಬೇಕಾದದ್ದು ನೊಣಕ್ಕೆ. ಹಿಂಭಾಗದ ರೋಮ ಮೂತ್ರದಲ್ಲಿ ತೊಯ್ದಿದ್ದರೆ ಅಲ್ಲಿ ಮೊಟ್ಟೆಯಿಡುತ್ತದೆ, ಒಂದೇ ದಿನದಲ್ಲಿ ಹುಳು ಬಿದ್ದ ಪ್ರಾಣಿಯನ್ನು ನಾನು ನೋಡಿದ್ದೇನೆ. ಆ ತಿಂಗಳುಗಳಲ್ಲಿ ದಿನಾ ಒಮ್ಮೆ ಮಗುಚಿ ನೋಡಿ.

ತೆಗೆದ ಹಾಸನ್ನು ಕಸದ ಗಾಡಿಗೆ ಹಾಕಬೇಡಿ. ಹುಲ್ಲು ತಿನ್ನುವ ಪ್ರಾಣಿಯ ಹಿಕ್ಕಿ, ಪೇಪರು, ಸುರುಳಿ ಎಲ್ಲ ತಿಪ್ಪೆಗೆ ಹೋಗಿ ಕೊಳೆತರೆ ಒಳ್ಳೆಯ ಗೊಬ್ಬರ. ಸ್ವಚ್ಛ ಮಾಡಿದ ದಿನ ಹಳೆಯದರಲ್ಲಿ ಒಣಗಿರುವ ಒಂದು ಹಿಡಿ ಮಾತ್ರ ಉಳಿಸಿಕೊಂಡು ಹೊಸದರಲ್ಲಿ ಬೆರೆಸಿ. ತಮ್ಮ ವಾಸನೆ ಪೂರ್ತಿ ಅಳಿದರೆ ಅವು ಗಾಬರಿಯಾಗಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ.

ಆಮೇಲೆ ಎರಡನ್ನೂ ಒಳಗೆ ಬಿಟ್ಟು ಹಿಂದೆ ಸರಿದು ಕೂತುಕೊಳ್ಳಿ. ಮೊದಲು ಅಲುಗಾಡುವುದಿಲ್ಲ. ಒಂದು ಮೂಗು ಮೇಲೆತ್ತಿ ನಾಲ್ಕೂ ಮೂಲೆ ಮೂಸಿ ಬರುತ್ತದೆ, ಇನ್ನೊಂದು ಹುಲ್ಲಿಗೆ ತಲೆ ತೂರಿಸುತ್ತದೆ. ಇದ್ದಕ್ಕಿದ್ದಂತೆ ನಿಂತಲ್ಲೇ ಗಾಳಿಗೆ ನೆಗೆದು ಅರ್ಧ ತಿರುಗಿ ಬೀಳುತ್ತದೆ, ಬಿಸಿ ಮರಳಲ್ಲಿ ಅಳ್ಳು ಸಿಡಿದ ಹಾಗೆ. ಅದು ಖುಷಿಗೆ. ನೆಗೆತ ಮುಗಿಸಿ ಹಳೆಯ ಮೂಲೆಗೆ ಹೋಗಿ ಹಿಂಭಾಗ ಒತ್ತಿ ಕೂತು, ಈಗಷ್ಟೇ ಹಾಸಿದ ಸುರುಳಿಯ ಮೇಲೆ ಸಮಾಧಾನವಾಗಿ ಉಚ್ಚೆ ಹೊಯ್ಯುತ್ತದೆ.